ಅಕ್ಕನ ಚಳಿಗೊಂದು ಹೀಟರು

ಹೋದ ವಾರ ನಮ್ಮ ಆಫೀಸಿನ ರಾಜಣ್ಣನವರು ತುಮಕೂರಿನ ಬಟವಾಡಿಯಲ್ಲಿ ಆಟೋ ಕಾಯುತ್ತಾ ನಿಂತಿದ್ದರು. ನಾನೂ ಉಪ್ಪಾರಹಳ್ಳಿಯ ಮನೆಗೇ ಹೊರಟಿದ್ದವನು, ಬನ್ನಿ ಎಂದು ಕಾರಿಗೆ ಹತ್ತಿಸಿಕೊಂಡೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಟಾರು ಕರಗುವ ಬಿಸಿಲು. ಸ್ವಲ್ಪ ದೂರ ಹೋಗುವುದರೊಳಗೆ ಅವರು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. ಎದುರಿಗಿದ್ದ ಗಾಳಿಯ ಕಿಂಡಿಗೆ ಅಂಗೈ ಒಡ್ಡಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಏನ್ ಸ್ವಾಮಿ, ಒಳಗಡೆ ಒಲೆ ಹಚ್ಚಿದೀರಾ?"

ನೋಡಿದರೆ ಹೀಟರಿನ ಗುಂಡಿ ಪೂರ್ತಿ ಕೆಂಪಿನ ಕಡೆಗೆ ತಿರುಗಿತ್ತು. ತಿರುಗಿಸಿದವನು ನಾನೇ. ಕಾರಿಗೆ ಕೂತು ಬೆಲ್ಟು ಎಳೆದುಕೊಳ್ಳುವ ಮೊದಲೇ ನನ್ನ ಎಡಗೈ ಅಲ್ಲಿಗೆ ಹೋಗಿಬಿಡುತ್ತದೆ. ನನ್ನನ್ನು ಕೇಳಿ ಹೋಗುವುದಿಲ್ಲ. ಚಾಳಿ ಎಂದರೆ ಹಾಗೆಯೇ. ನಮ್ಮಪ್ಪ ಬೀಡಿ ಬಿಟ್ಟ ಮೇಲೂ ಬಹಳ ವರ್ಷ ಊಟವಾದೊಡನೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಬೀಡಿ ಇರುತ್ತಿರಲಿಲ್ಲ, ಕೈ ಮಾತ್ರ ಹೋಗುತ್ತಿತ್ತು.

ರಾಜಣ್ಣನವರಿಗೆ ಏನೋ ಸಬೂಬು ಹೇಳಿ ಗುಂಡಿಯನ್ನು ನೀಲಿಗೆ ತಿರುಗಿಸಿದೆ. ನಿಮಗೆ ಸಬೂಬು ಹೇಳುವುದಿಲ್ಲ. ಅದು ನನ್ನ ಅಕ್ಕನಿಂದ ಬಂದ ಚಾಳಿ.

ನನ್ನ ಅಕ್ಕ ರತ್ನ ಗುಬ್ಬಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿದ್ದಳು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಸರದ ಜೊತೆಗೆ ಒಂದು ಸೀಟಿ. ಅವಳು ಸೀಟಿ ಊದಿದರೆ ಮೈದಾನದ ಹುಡುಗಿಯರಷ್ಟೇ ಅಲ್ಲ, ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲುಗಳೂ ಒಂದು ಕ್ಷಣ ನಿಲ್ಲುತ್ತಿದ್ದವು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಆಗಿದ್ರೆ ಯಾಕಾದೆ ಅಂತ ಕೇಳ್ತಿದ್ರಿ ಬುಡಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಎಷ್ಟೋ ತಂಡಗಳಿಗೆ ಖೊ ಖೊ ಕಲಿಸಿದಳು. ನಿವೃತ್ತಿಯಾಗಲು ಇನ್ನೂ ಸ್ವಲ್ಪ ಕಾಲವಿದೆ ಎನ್ನುವಾಗ ಅವಳ ಎರಡೂ ಕಿಡ್ನಿಗಳು ಕೈಕೊಟ್ಟವು.

ಚಳಿ ಎಂದರೆ ಏನೆಂದು ಗೊತ್ತಿಲ್ಲದ ಹೆಂಗಸು ಅವಳು. ನಮ್ಮೂರು ಸಿ.ಎಸ್. ಪುರ. ಅಲ್ಲಿ ಮಾಗಿಯ ಬೆಳಿಗ್ಗೆ ನಾವೆಲ್ಲ ಬಚ್ಚಲ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಂಡೆಯ ಕೆಳಗೆ ತೆಂಗಿನ ಮಟ್ಟೆ ತುರುಕುತ್ತಾ, ಸ್ನಾನವನ್ನು ಎಷ್ಟು ಮುಂದಕ್ಕೆ ಹಾಕಬಹುದೆಂದು ಲೆಕ್ಕ ಹಾಕುತ್ತಿದ್ದೆವು. ಅಕ್ಕ ಹಿತ್ತಲ ತೊಟ್ಟಿಯಿಂದ ತಣ್ಣೀರು ಮೊಗೆದು ತಲೆಯ ಮೇಲೆ ಸುರಿದುಕೊಂಡು, ಮೈಯಿಂದ ಹಬೆ ಏಳುತ್ತಿರುವಾಗಲೇ ನಮ್ಮ ಮುಂದೆ ಬಂದು ನಿಲ್ಲುತ್ತಿದ್ದಳು. "ಚಳಿ ಅನ್ನೋದು ಸೋಂಬೇರಿಗಳ ಜ್ವರ ಕಣ್ರೋ" ಎನ್ನುತ್ತಿದ್ದಳು. ಆ ಸೋಂಬೇರಿಗಳಲ್ಲಿ ಮೊದಲನೆಯವನು ನಾನು. ಅವ್ವನ ಹಳೇ ಸೀರೆ, ಅಪ್ಪನ ಟವಲು, ಕೊನೆಗೆ ರಾಗಿ ಚೀಲ, ಸಿಕ್ಕಿದ್ದನ್ನೆಲ್ಲ ಹೊದ್ದು ಕೂರುತ್ತಿದ್ದೆ.

ಅವಳು ಗುಬ್ಬಿಯ ಹೈಸ್ಕೂಲಿಗೆ ಓದಲು ಸೇರಿದ ಮೇಲೆ ನನ್ನನ್ನೂ ಅಲ್ಲಿಯ ಮಿಡ್ಲ್ ಸ್ಕೂಲಿಗೆ ಸೇರಿಸಿದರು. ಬೆಳಗಿನ ಬಸ್ಸು. ಕಿಟಕಿಗಳಿಗೆ ಗಾಜು ಇದ್ದರೆ ಪುಣ್ಯ. ಆಗಿನ ಬಸ್ಸುಗಳಲ್ಲಿ ಇಂಜಿನ್ನು ಒಳಗೇ, ಡ್ರೈವರಿನ ಪಕ್ಕದಲ್ಲಿ, ತಗಡಿನ ಮುಚ್ಚಳದ ಕೆಳಗೆ ಗುರುಗುಟ್ಟುತ್ತಿತ್ತು. ಅಕ್ಕ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಹೋಗಿ ನನ್ನನ್ನು ಎತ್ತಿ ಆ ಮುಚ್ಚಳದ ಮೇಲೆ ಕೂರಿಸುತ್ತಿದ್ದಳು.

"ಲೇ ಹುಡುಗಿ, ಅದು ಸೀಟಲ್ಲ, ಇಂಜಿನ್ನು" ಎಂದು ಡ್ರೈವರು ರೇಗುತ್ತಿದ್ದ.

"ಗೊತ್ತು ಬುಡಣ್ಣ. ಇವ್ನಿಗೆ ಚಳಿ. ಕೂತ್ಕೊಂಡ್ ಹೋಗ್ಲಿ."

ಕುಂಡಿಯಿಂದ ಶುರುವಾಗಿ ಕಿವಿಯವರೆಗೆ ಏರುವ ಆ ಬಿಸಿಯಲ್ಲಿ ನಾನು ತೂಕಡಿಸುತ್ತಿದ್ದೆ. ಅವಳು ನನ್ನ ಅಂಗಿಯ ಕಾಲರನ್ನು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದಳು. ಗುಬ್ಬಿ ಬಂದಾಗ ಡೀಸೆಲ್ ವಾಸನೆ ಹೊಡೆಯುತ್ತಾ ಇಳಿದು, ಮೊದಲ ಪೀರಿಯಡ್ಡಿನಲ್ಲಿ ಮತ್ತೆ ನಿದ್ದೆ ಮಾಡುತ್ತಿದ್ದೆ. ನಾನು ಗಣಿತದಲ್ಲಿ ಹಿಂದುಳಿದದ್ದಕ್ಕೆ ಆ ಇಂಜಿನ್ನೇ ಕಾರಣ ಎಂದು ಈಗಲೂ ವಾದಿಸಬಲ್ಲೆ.

ಅಂಥವಳಿಗೆ ಡಯಾಲಿಸಿಸ್ ಶುರುವಾಯಿತು. ನನ್ನದೊಂದು ಕಿಡ್ನಿ ಕೊಡೋಣ ಎಂದರೆ ನನಗೆ ಸಕ್ಕರೆ ಕಾಯಿಲೆ, ಡಾಕ್ಟರು ಫೈಲನ್ನು ಪೂರ್ತಿ ತೆರೆಯಲೂ ಇಲ್ಲ. ನಮ್ಮ ಮನೆಗೇ ಬಂದಿರು ಎಂದೆ, ನನ್ನ ಹೆಂಡತಿ ಶಾರದೆಯೂ ಕರೆದಳು. ಒಪ್ಪಲಿಲ್ಲ. ಗುಬ್ಬಿಯ ಬಾಡಿಗೆ ಮನೆ, ಸಂಜೆ ಬಂದು ಜಗಲಿಯ ಮೇಲೆ ಹರಟುವ ಹಳೆಯ ಶಿಷ್ಯೆಯರು, ಇವನ್ನೆಲ್ಲ ಬಿಟ್ಟು ಬರುವವಳಲ್ಲ. ಹಾಗಾಗಿ ವಾರದಲ್ಲಿ ಕೆಲವು ಬೆಳಿಗ್ಗೆ ನಾನು ಕಾರು ತೆಗೆದುಕೊಂಡು ಗುಬ್ಬಿಗೆ ಹೋಗಿ ಅವಳನ್ನು ಕರೆತಂದು ತುಮಕೂರಿನ ಆಸ್ಪತ್ರೆಗೆ ಬಿಡುತ್ತಿದ್ದೆ. ಮಧ್ಯಾಹ್ನ ಮತ್ತೆ ಮನೆಗೆ ಬಿಡುತ್ತಿದ್ದೆ. ಕಾರು ಎಂದರೆ ದೊಡ್ಡದೇನೂ ಅಲ್ಲ, ಎರಡು ಕೈ ದಾಟಿ ಬಂದ ಚಿಕ್ಕ ಹಳೇ ಗಾಡಿ.

ಮೊದಲ ಸಲ ಯಂತ್ರದಿಂದ ಬಿಡಿಸಿಕೊಂಡು ಹೊರಬಂದಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಮೈಯೊಳಗಿನ ರಕ್ತವೆಲ್ಲ ಹೊರಗೆ ಬಂದು ತಿರುಗಿ ಒಳಗೆ ಹೋಗುತ್ತದಲ್ಲ, ಕೆಲವರಿಗೆ ಹೀಗೆ ಚಳಿ ಹಿಡಿಯುತ್ತದೆ ಎಂದು ನರ್ಸಮ್ಮ ಹೇಳಿದರು. ಹೊರಗೆ ಬಿಸಿಲು ಉರಿಯುತ್ತಿತ್ತು. ಕಾರಿನಲ್ಲಿ ಅವಳಿಗೆ ಕಂಬಳಿ ಹೊದಿಸಿದೆ, ಕಿಟಕಿ ಏರಿಸಿದೆ. ತುಮಕೂರಿನ ಅಂಚಿನ ಗುಬ್ಬಿ ಗೇಟು ದಾಟುವಷ್ಟರಲ್ಲಿ ಕಂಬಳಿಯೇ ನಡುಗುತ್ತಿತ್ತು. ಆಗ ನನಗೆ ಹೀಟರಿನ ನೆನಪಾಯಿತು. ಕೊಂಡ ದಿನದಿಂದ ಅದನ್ನು ಮುಟ್ಟಿರಲೇ ಇಲ್ಲ. ತುಮಕೂರಿನಲ್ಲಿ ಯಾರು ತಾನೇ ಮುಟ್ಟುತ್ತಾರೆ ಹೇಳಿ. ಗುಂಡಿಯನ್ನು ಕೆಂಪಿಗೆ ತಿರುಗಿಸಿ ಫ್ಯಾನು ಜೋರು ಮಾಡಿದೆ. ಭರ್ರೆಂದು ಗಾಳಿ ಬಂತು. ಬಹಳ ದಿನದ ಧೂಳು ಬಂತು. ಬಿಸಿ ಮಾತ್ರ ಬರಲಿಲ್ಲ.

"ಸೀನ" ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡು. "ಹೀಟರ್ ಅಂದ್ಯಲ್ಲೋ. ಇದು ಬೀಸಣಿಗೆ."

ಇನ್ನೂ ಸ್ವಲ್ಪ ಹೊತ್ತು ಇಂಜಿನ್ ಬಿಸಿಯಾಗಲಿ ಎಂದೆ. ಗುಬ್ಬಿ ಬಂದರೂ ಆಗಲಿಲ್ಲ.

ಹಾಗೇ ಒಂದಷ್ಟು ದಿನ ನಡೆಯಿತು. ಬೆಳಿಗ್ಗೆ ಹೋಗುವಾಗ ಅವಳು ಊರಿನ ಸುದ್ದಿ ಹೇಳುತ್ತಾ ಚೆನ್ನಾಗಿಯೇ ಬರುತ್ತಿದ್ದಳು. ಬರುವಾಗ ಮಾತಿಲ್ಲ. ಒಂದು ಮಧ್ಯಾಹ್ನ ಅವಳ ಮನೆಯ ಮುಂದೆ ನಿಲ್ಲಿಸಿದೆ. ಇಳಿಯಲು ಬಾಗಿಲು ತೆಗೆದವಳು ಹಾಗೇ ಕೂತಳು.

"ನಾಳಿದ್ದು ನೀನು ಬರ್ಬೇಡ ಕಣೋ."

"ಯಾಕೆ? ಬೇರೆ ಯಾರಾದ್ರೂ ಕರ್ಕೊಂಡ್ ಹೋಗ್ತಾರಾ?"

"ಯಾರೂ ಬ್ಯಾಡ. ನಾನು ಹೋಗಲ್ಲ. ಸೂಜಿ ತಡ್ಕೋತೀನಿ, ಆ ಮಂಚ ತಡ್ಕೋತೀನಿ. ಈ ಚಳಿ ನಂಗೆ ಗೊತ್ತಿಲ್ಲ ಸೀನ. ಮೂಳೆ ಒಳಗೆ ಯಾರೋ ಕೂತ್ಕೊಂಡಂಗಿರುತ್ತೆ. ಸಾಕು."

ಹೋಗದಿದ್ದರೆ ಏನಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಕೊನೆಗೆ ನನ್ನ ಬಾಯಿಂದ ಬಂದದ್ದು ಇಷ್ಟೇ: "ಹೀಟರ್ ಸರಿ ಮಾಡಿಸ್ತೀನಿ ಕಣೆ. ಅಲ್ಲೀಗಂಟ ಬಾ." ಸಾಯುತ್ತೇನೆ ಎನ್ನುವವಳಿಗೆ ಗಾಡಿ ರಿಪೇರಿಯ ಮಾತು. ಅವಳು ನನ್ನನ್ನು ದಿಟ್ಟಿಸಿ, "ಸರಿ, ಮಾಡ್ಸು" ಎಂದು ಇಳಿದಳು. ಅವಳ ಕಿಡ್ನಿ ನನ್ನಿಂದ ರಿಪೇರಿಯಾಗುವಂಥದ್ದಲ್ಲ. ಹೀಟರು ಆಗಬಹುದು ಎಂದುಕೊಂಡೆ.

ಬಟವಾಡಿಯಲ್ಲಿ ಮಂಜಣ್ಣನ ಗ್ಯಾರೇಜು ಇದೆ. ನನ್ನ ಕಾರಿಗೆ ಅವನೇ ವೈದ್ಯ. ವಿಷಯ ಹೇಳಿದಾಗ ಅವನು ಸ್ಪ್ಯಾನರು ಕೆಳಗಿಟ್ಟ.

"ಹೀಟರ್ರಾ ಸಾರ್? ಎ.ಸಿ. ಅಂದ್ರಾ?"

"ಹೀಟರ್."

"ಊಟಿಗೇನಾದ್ರೂ ಹೊರಟ್ರಾ?"

ಅವನ ಗ್ಯಾರೇಜಿಗೆ ಹೀಟರು ಸರಿಯಿಲ್ಲವೆಂದು ಬಂದ ಮೊದಲ ಗಿರಾಕಿ ನಾನಂತೆ. ಅವನಿಗೂ ಅದರ ಅಭ್ಯಾಸವಿರಲಿಲ್ಲ, ನನಗಂತೂ ಗಾಡಿಯ ಗಂಧವೇ ಇಲ್ಲ. ಪರೀಕ್ಷೆಗೆ ಓದದೆ ಬಂದ ಇಬ್ಬರು ಒಂದೇ ಬೆಂಚಿನಲ್ಲಿ ಕೂತಂತಾಯಿತು. ನಾನು ಮೊಬೈಲಿನಲ್ಲಿ ವೀಡಿಯೋ ಹುಡುಕಿದೆ. ಮೊಣಕಾಲುದ್ದ ಹಿಮದಲ್ಲಿ ನಿಂತ ಯಾರೋ ಪರದೇಶದವನು ಬಾಯಿಂದ ಹೊಗೆ ಬಿಡುತ್ತಾ ವಿವರಿಸುತ್ತಿದ್ದ. ಮಂಜಣ್ಣನೂ ನಾನೂ ಬೆವರು ಒರೆಸಿಕೊಳ್ಳುತ್ತಾ ಅದನ್ನು ನೋಡಿದೆವು.

ಇದರಲ್ಲಿ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ. ಕಾರಿನ ಹೀಟರು ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಇಂಜಿನ್ನನ್ನು ತಣಿಸಲು ಸುತ್ತುವ ನೀರು ಕಾಯುತ್ತದಲ್ಲ, ಆ ಬಿಸಿನೀರು ಎರಡು ರಬ್ಬರ್ ಪೈಪುಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗಿ ಬರುತ್ತದೆ. ಫ್ಯಾನಿನ ಗಾಳಿ ಅದರ ಮೇಲೆ ಹಾದು ಬೆಚ್ಚಗಾಗುತ್ತದೆ. ನಮ್ಮ ಬಚ್ಚಲ ಹಂಡೆಯ ಸಂಬಂಧಿಕನೇ.

ಮಂಜಣ್ಣ ಮೊದಲು ನೀರು ನೋಡಿದ. ಕಡಿಮೆಯಿತ್ತು, ಇದ್ದದ್ದೂ ಕಾವಿಯ ಬಣ್ಣ. ಎಲ್ಲ ಚೆಲ್ಲಿ ಹೊಸದಾಗಿ ಕೂಲೆಂಟ್ ತುಂಬಿದ. "ಇಷ್ಟೇ ಸಾರ್, ನೀರಿಲ್ದೆ ಬಿಸಿ ಎಲ್ಲಿಂದ ಬರುತ್ತೆ" ಎಂದ. ನಾನು ಹೆಮ್ಮೆಯಿಂದ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಬಂದು ಕೂತಳು, ಗುಂಡಿ ತಿರುಗಿಸಿದೆ, ಅದೇ ಬೀಸಣಿಗೆ.

ಮತ್ತೆ ಗ್ಯಾರೇಜು. ಎಷ್ಟು ಹೊತ್ತು ಓಡಿಸಿದರೂ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ತಳ ಬಿಟ್ಟು ಏಳುವುದೇ ಇಲ್ಲವೆಂದು ನಾನು ಹೇಳಿದ ಮೇಲೆ ಅವನು ಥರ್ಮೋಸ್ಟಾಟ್ ಬಿಚ್ಚಿ ನೋಡಿದ. ಬಿಚ್ಚಿದರೆ ಅಲ್ಲಿ ಏನೂ ಇಲ್ಲ. ನೀರು ಕಾಯುವವರೆಗೆ ದಾರಿ ಮುಚ್ಚಿಟ್ಟು ಆಮೇಲೆ ತೆರೆಯುವ ಪುಟ್ಟ ಬಾಗಿಲು ಅದು. ನಮ್ಮ ಸೆಕೆಗೆ ಇದೊಂದು ಕೇಡೆಂದು ಹಿಂದಿನವರು ಯಾರೋ ಕಿತ್ತು ಎಸೆದಿದ್ದರು. ನಾವೂ ಒಂದು ಕಾಲದಲ್ಲಿ ಎಸೆದವರೇ ಎಂದು ಮಂಜಣ್ಣ ನಕ್ಕ. ಹೊಸದು ಹಾಕಿಸಿದ ಮೇಲೆ ಮುಳ್ಳು ಮೇಲೆದ್ದಿತು. ಗಾಳಿ ಮಾತ್ರ ತಣ್ಣಗೇ ಇತ್ತು.

ಈ ಸಲ ಅವನು ಇಂಜಿನ್ ಓಡುತ್ತಿರುವಾಗಲೇ ಆ ಎರಡು ಪೈಪುಗಳನ್ನು ಮುಟ್ಟಿ ನೋಡಲು ಹೇಳಿದ. ಒಂದು ಕೈ ಸುಡುವಂತಿತ್ತು, ಇನ್ನೊಂದು ಹಾವಿನ ಮೈಯಂತೆ ತಣ್ಣಗಿತ್ತು. ಹೋದ ನೀರು ತಿರುಗಿ ಬರುತ್ತಿಲ್ಲ, ಒಳಗಿನ ರೇಡಿಯೇಟರು ಕಟ್ಟಿಕೊಂಡಿದೆ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಹಿಮ್ಮುಖವಾಗಿ ನೀರು ಬಿಟ್ಟು ತೊಳೆದಾಗ ಕೆರೆ ಹೂಳಿನಂಥ ಕೆಸರು ಬಂತು. ಅದನ್ನು ನೋಡುತ್ತಾ ನಿಂತಿದ್ದವನಿಗೆ ಯಾಕೋ ಕಣ್ಣು ತುಂಬಿಕೊಂಡಿತು. ಗಾಡಿಯೊಳಗೆ ಕಟ್ಟಿಕೊಂಡದ್ದನ್ನು ತೊಳೆದು ಬಿಡಲು ಎಷ್ಟು ಸುಲಭ, ಒಂದು ಪೈಪು, ಒಂದು ನಲ್ಲಿ. ಮಂಜಣ್ಣ ಪೆಟ್ರೋಲ್ ಹೊಗೆ ಕಣ್ಣಿಗೆ ಹೋಯಿತೇನೋ ಅಂದುಕೊಂಡು ಆಚೆ ನಿಲ್ಲಿ ಸಾರ್ ಎಂದ.

ಎರಡೂ ಪೈಪು ಬಿಸಿಯಾದವು. ಅಕ್ಕನನ್ನು ಕರೆತರಲು ಆಸ್ಪತ್ರೆಗೆ ಹೋದೆ. ನಡುಗುತ್ತಾ ಬಂದು ಕೂತಳು. ಗುಂಡಿ ತಿರುಗಿಸಿದೆ. ಗಾಳಿ ತಣ್ಣಗಿತ್ತು. ನಾನು ಸ್ಟೀರಿಂಗಿಗೆ ಹಣೆ ಇಟ್ಟೆ.

ಅವಳು ಕಂಬಳಿಯೊಳಗಿಂದ ಕೈ ತೆಗೆದು ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿದಳು.

"ಇದು ಭಾಳ ಹಗೂರ ತಿರುಗ್ತದಲ್ಲೋ. ಆ ಫ್ಯಾನಿನ ಗುಂಡಿ ನೋಡು, ಗಟ್ಟಿ ಐತೆ. ಇದರ ಹಿಂದೆ ಯಾರೂ ಇಲ್ಲ ಕಣೋ. ಗುಂಡಿ ಒಂದೇ ತಿರುಗ್ತಾ ಐತೆ."

ಅಲ್ಲಿಂದ ಸೀದಾ ಗ್ಯಾರೇಜಿಗೆ ಓಡಿಸಿದೆ. ಮಂಜಣ್ಣ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದ. ಗುಂಡಿಯಿಂದ ಒಳಗಿನ ತಡಿಕೆಗೆ ಹೋಗುವ ತಂತಿ ಕೊಕ್ಕೆಯಿಂದ ಕಳಚಿ ಬಿದ್ದಿತ್ತು. ಗಾಳಿಯನ್ನು ಬಿಸಿಯ ಕಡೆಗೆ ತಿರುಗಿಸುವ ತಡಿಕೆ ಅಲ್ಲಾಡದೆ ಮುಚ್ಚಿಕೊಂಡೇ ಇತ್ತು. ಅವನು ತಂತಿಯನ್ನು ಕೊಕ್ಕೆಗೆ ಸಿಕ್ಕಿಸಿ, "ಅಮ್ಮಾರೆ, ಈಗ ತಿರುಗ್ಸಿ" ಎಂದ. ಅಕ್ಕ ತಿರುಗಿಸಿದಳು. ಎಲ್ಲೋ ಒಳಗೆ ಟಪ್ ಎಂದು ಸದ್ದಾಯಿತು. ಆಮೇಲೆ ಬೆಚ್ಚನೆಯ ಗಾಳಿ ಬಂತು, ಸುಟ್ಟ ಧೂಳಿನ ವಾಸನೆಯ ಜೊತೆ.

ಅವಳು ಎರಡೂ ಅಂಗೈಗಳನ್ನು ಕಿಂಡಿಗೆ ಒಡ್ಡಿದಳು. ಕೆನ್ನೆ ಒಡ್ಡಿದಳು. ಕಂಬಳಿಯ ಅಂಚನ್ನು ಎತ್ತಿ ಗಾಳಿಯನ್ನು ಒಳಗೆ ತುಂಬಿಕೊಂಡಳು. ಮಂಜಣ್ಣ ಮೈಯ ಮಣ್ಣು ಒರೆಸಿಕೊಳ್ಳುತ್ತಾ ನೋಡುತ್ತಿದ್ದವನು ಮುಖ ಬೇರೆ ಕಡೆ ತಿರುಗಿಸಿದ.

"ಇಳೀತಾ ಐತೆ ಕಣೋ" ಎಂದಳು ಅಕ್ಕ. "ಬೆನ್ನಿನ ಒಳಗಿಂದ ಇಳೀತಾ ಐತೆ."

ಅಂದಿನಿಂದ ಅವಳು ಡಯಾಲಿಸಿಸ್ ಬೇಡವೆನ್ನಲಿಲ್ಲ. ಬೇಸಿಗೆ ಏರುತ್ತಿತ್ತು. ಕಿಟಕಿಗಳನ್ನು ಮುಚ್ಚಿ, ಹೀಟರು ಹಾಕಿ, ನಡುಮಧ್ಯಾಹ್ನ ನಾವು ಗುಬ್ಬಿ ರಸ್ತೆಯಲ್ಲಿ ಹೋಗುತ್ತಿದ್ದೆವು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಬೈಕಿನವರು ಒಳಗೆ ಬಗ್ಗಿ ನೋಡುತ್ತಿದ್ದರು: ಒಬ್ಬಳು ಕಂಬಳಿ ಹೊದ್ದು ಕೂತಿದ್ದಾಳೆ, ಪಕ್ಕದವನು ಬಾವಿಯಿಂದ ಎದ್ದುಬಂದವನಂತೆ ತೊಯ್ದಿದ್ದಾನೆ. ಶಾರದೆ ನನಗಾಗಿ ಕಾರಿನಲ್ಲಿ ಒಂದು ಜೊತೆ ಅಂಗಿ ಇಡತೊಡಗಿದಳು. ಹೊರಡುವ ಮುಂಚೆಯೇ ಕಾರನ್ನು ಬೆಚ್ಚಗೆ ಮಾಡಿಟ್ಟುಕೊಂಡಿರಬೇಕಲ್ಲ, ನನ್ನ ಕೈಗೆ ಆ ಚಾಳಿ ಬಂದದ್ದು ಆಗ.

ಆಷಾಢದಲ್ಲಿ ಅಕ್ಕ ಹೋದಳು. ಮಳೆ ಹನಿಯುತ್ತಿದ್ದ ಬೆಳಿಗ್ಗೆ ಕಾರು ಬೆಚ್ಚಗೆ ಮಾಡಿಕೊಂಡು ಹೋಗಿ ಮನೆಯ ಮುಂದೆ ಹಾರ್ನ್ ಹೊಡೆದೆ. ಎಂದೂ ಎರಡನೇ ಹಾರ್ನಿಗೆ ಕಾಯದವಳು ಬರಲಿಲ್ಲ. ಇಳಿದು ಒಳಗೆ ಹೋದೆ. ಆಸ್ಪತ್ರೆಯ ಚೀಲ ಬಾಗಿಲ ಹತ್ತಿರ ಸಿದ್ಧವಾಗಿತ್ತು, ಹಿಂದಿನ ದಿನವೇ ಜೋಡಿಸಿಡುವವಳು. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ಹಣೆ ಮುಟ್ಟಿದೆ. ನಾನು ಹೇಳಬೇಕಾಗಿಲ್ಲ, ತಣ್ಣಗಿತ್ತು. ಅವಳ ಶಿಷ್ಯೆಯರು, ಅಜ್ಜಿಯರಾದವರೂ ಸೇರಿ, ಗುಬ್ಬಿಯ ಆ ಬೀದಿಯ ತುಂಬ ನಿಂತರು. ಅತ್ತ ಅವರು ಅಳುತ್ತಿರುವಾಗ ಇತ್ತ ರಸ್ತೆಯಲ್ಲಿ ನನ್ನ ಕಾರು ಇಂಜಿನ್ ಆರಿಸದೆ ಬಹಳ ಹೊತ್ತು ಓಡುತ್ತಲೇ ಇತ್ತಂತೆ. ಯಾರೋ ಬಂದು ಕೀಲಿಕೈ ತಂದುಕೊಟ್ಟರು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಅಕ್ಕ ಎಂದಾಗ ನನ್ನ ಕಣ್ಣಿಗೆ ಬರುವುದು ಆ ಬೆಳಿಗ್ಗೆಯಲ್ಲ. ಹೀಟರು ಸರಿಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಅವಳು ಕಾರಿನಲ್ಲಿ ನಿದ್ದೆ ಹೋದಳು. ಕಾಯಿಲೆಯಾದ ಮೇಲೆ ಅವಳಿಗೆ ನಿದ್ದೆ ಎಂಬುದೇ ಇರಲಿಲ್ಲ. ತಲೆ ಕಿಟಕಿಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆ. ಗುಬ್ಬಿಯಲ್ಲಿ ಅವಳ ಮನೆಯ ತಿರುವು ಬಂತು. ನಿಲ್ಲಿಸಿದರೆ ಎಚ್ಚರವಾಗುತ್ತದೆ. ನಿಲ್ಲಿಸಲಿಲ್ಲ. ಸಿ.ಎಸ್. ಪುರದ ರಸ್ತೆ ಹಿಡಿದೆ. ನಮ್ಮೂರು ಬಂತು, ನಮ್ಮೂರೂ ದಾಟಿತು. ಆಫೀಸಿನಿಂದ ಫೋನು ಬಂತು, ತೆಗೆಯಲಿಲ್ಲ. ತೋಟಗಳ ನಡುವಿನ ಸಣ್ಣ ರಸ್ತೆಗಳಲ್ಲಿ, ಗುಂಡಿ ಬಂದಾಗ ಎತ್ತಿನ ಗಾಡಿಗಿಂತ ನಿಧಾನವಾಗಿ, ಸುಮ್ಮನೆ ಓಡಿಸುತ್ತಾ ಹೋದೆ. ಕುಣಿಗಲ್ ಕೆರೆಯ ಏರಿ ಹತ್ತಿರ ಬಂದಾಗ ಅವಳು ಕಣ್ಣು ಬಿಟ್ಟಳು. ಹೊರಗೆ ಅಷ್ಟಗಲ ನೀರು.

"ಎಲ್ಲಿಗ್ ಬಂದ್ವೋ?"

"ಕುಣಿಗಲ್ಲು."

"ಗುಬ್ಬಿ ಏನಾಯ್ತು?"

"ಆಗ್ಲೇ ಹೋಯ್ತು. ನೀನು ಮಲಗಿದ್ದೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಂಗಿ ಮೈಗೆ ಅಂಟಿತ್ತು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಎಬ್ಬಿಸ್ಬಾರ್ದು ಅಂತ ಇಷ್ಟ್ ದೂರ ಬಂದ್ಯಾ? ಪೆಟ್ರೋಲೇನು ನಿಮ್ಮಪ್ಪ ಹಾಕಿಸ್ತಾನಾ?"

"ನಮ್ಮಪ್ಪ ನಿಮ್ಮಪ್ಪ ಒಬ್ರೇ ಅಲ್ವೇನೆ."

ಅವಳು ನಕ್ಕಳು. ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ರಸ್ತೆ ಪಕ್ಕದಲ್ಲಿ ಒಬ್ಬ ಸೈಕಲ್ಲಿಗೆ ಎಳನೀರಿನ ಗೊಂಚಲು ಕಟ್ಟಿಕೊಂಡು ನಿಂತಿದ್ದ. ಅವಳು ನಿಲ್ಲಿಸು ಎಂದಳು. ತೆಂಗಿನ ನೆರಳಲ್ಲೇ ಹುಟ್ಟಿ ಬೆಳೆದವಳು, ಎಳನೀರೆಂದರೆ ಪ್ರಾಣ. ಕಿಡ್ನಿ ಹೋದವರಿಗೆ ಅದು ವಿಷಕ್ಕೆ ಸಮ, ಒಂದು ಲೋಟವೂ ಕೂಡದೆಂದು ಡಾಕ್ಟರು ಗದರಿಸಿ ಹೇಳಿದ್ದರು.

"ಅಕ್ಕ, ನಿನಗೆ ಅದು..."

"ನಂಗಲ್ಲ ಕಣೋ, ನಿಂಗೆ. ಹೆಂಗ್ ಬೆವ್ತಿದೀಯ ನೋಡು. ಇಳಿ."

ಅವಳೂ ಕಂಬಳಿ ಹೊದ್ದುಕೊಂಡೇ ಇಳಿದು ಕಾರಿಗೆ ಒರಗಿ ನಿಂತಳು. "ಅಮ್ಮಂಗೊಂದು ಕೊಡ್ಲಾ?" ಎಂದ ಎಳನೀರಿನವನು.

"ನಂಗ್ ಬ್ಯಾಡಪ್ಪ. ನಮ್ ಹುಡುಗನಿಗೆ ಕೊಡು. ನೀರ್ ತುಂಬಿರೋದು ನೋಡಿ ಕೊಡು, ಒಳಗಿನ ಗಂಜಿ ಎಳೇದಿರ್ಬೇಕು."

ಐವತ್ತು ದಾಟಿದ ಆ ಹುಡುಗ ಕಾಯಿ ಎತ್ತಿ ಕುಡಿದ. ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಹೆಂಗೈತೆ?"

"ಸಪ್ಪೆ ಕಣೆ. ಒಂಚೂರು ಉಪ್ಪುಪ್ಪು. ಚೆನ್ನಾಗಿಲ್ಲ."

"ಸುಳ್ಳು ಹೇಳ್ಬೇಡ. ನೀನ್ ಗುಟುಕು ನುಂಗಿದ್ರಲ್ಲೇ ಗೊತ್ತಾಯ್ತು. ಇನ್ನೊಂದು ಗುಟುಕು ಕುಡಿದು ಸರಿಯಾಗ್ ಹೇಳು."

ಇನ್ನೊಂದು ಗುಟುಕು ಕುಡಿದೆ.

"ಸಿಹಿ ಐತೆ ಅಕ್ಕ. ತಣ್ಣಗೈತೆ. ಮೊದಲು ನಾಲಿಗೆ ಮೇಲೆ ಸಿಹಿ, ಆಮೇಲೆ ಗಂಟಲಲ್ಲಿ ಒಂಚೂರು ಒಗರು."

ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಕೆರೆಯ ಮೇಲಿನ ಗಾಳಿಗೆ ಕಂಬಳಿಯ ಅಂಚು ಹಾರುತ್ತಿತ್ತು. ಅವಳ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.

"ಪೂರ್ತಿ ಕುಡಿ" ಎಂದಳು, ಕಣ್ಣು ತೆರೆಯದೆ. "ನಾನ್ ನಿಂತಿರ್ತೀನಿ."